ಶೇಕಡಾವಾರು ಜಗಳ ಸಾಕು, ಕಡತ ಕೇಳಿ

ನಮ್ಮ ರಾಜ್ಯದಲ್ಲಿ ಭ್ರಷ್ಟಾಚಾರದ ಚರ್ಚೆ ಎಂದರೆ ಶೇಕಡಾವಾರು ಲೆಕ್ಕದ ಜಗಳ ಎಂಬಂತಾಗಿದೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿ ಮೊತ್ತದಲ್ಲಿ ಶೇ 40ರಷ್ಟು ಕಮಿಷನ್‌ಗೇ ಹೋಗುತ್ತಿದೆ ಎಂದು ದೂರಿತು. 2023ರ ಚುನಾವಣೆಯಲ್ಲಿ ಆ ಅಂಕಿ ಗೋಡೆಗೋಡೆಯ ಮೇಲೂ ಇತ್ತು. ಸರ್ಕಾರ ಬದಲಾಯಿತು. ಆಗ ಆರೋಪ ಹೊತ್ತವರು ಈಗ ವಿರೋಧ ಪಕ್ಷದಲ್ಲಿ ಕುಳಿತು, ಇವರದು ಶೇ 60 ಎನ್ನುತ್ತಿದ್ದಾರೆ. ನಾವು ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಯಾರ ಸರ್ಕಾರ ಹೆಚ್ಚು ತಿಂದಿತು ಎಂದು ಗಂಟಲು ಹರಿದುಕೊಳ್ಳುತ್ತೇವೆ. ಗಂಟಲಿಗಷ್ಟೇ ಕೆಲಸವಿರುವ ಈ ಜಗಳ ನಮಗೆ ಬಲು ಹಿತ. ಒಂದು ಅರ್ಜಿ ಬರೆಯಬೇಕಿಲ್ಲ, ಒಂದು ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ. ಕದ್ದವರಿಗೂ ಅದು ಅಷ್ಟೇ ಹಿತ.

ಪರಿಶಿಷ್ಟ ಪಂಗಡಗಳಿಗಾಗಿ ಇರುವ ವಾಲ್ಮೀಕಿ ಅಭಿವೃದ್ಧಿ ನಿಗಮದ ಪ್ರಕರಣ ನೆನಪಿಸಿಕೊಳ್ಳಿ. 2024ರ ಮೇ ತಿಂಗಳಲ್ಲಿ ನಿಗಮದ ಲೆಕ್ಕಪತ್ರ ಅಧೀಕ್ಷಕರೊಬ್ಬರು ಶಿವಮೊಗ್ಗದಲ್ಲಿ ಪತ್ರ ಬರೆದಿಟ್ಟು ಆತ್ಮಹತ್ಯೆ ಮಾಡಿಕೊಂಡರು. ನಿಗಮದ ಹಣ ಅಕ್ರಮವಾಗಿ ವರ್ಗಾವಣೆಯಾದದ್ದು ಹೊರಬಿತ್ತು. ಜೂನ್‌ನಲ್ಲಿ ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು. ಜುಲೈನಲ್ಲಿ ವಿಧಾನಸಭೆಯಲ್ಲಿ ವಿರೋಧ ಪಕ್ಷ 187 ಕೋಟಿ ರೂಪಾಯಿ ಲೂಟಿ ಎಂದಿತು. ಮುಖ್ಯಮಂತ್ರಿ ಸಿದ್ದರಾಮಯ್ಯ, ಅಷ್ಟಲ್ಲ, ಹೋಗಿರುವುದು 89 ಕೋಟಿ ಚಿಲ್ಲರೆ ಎಂದು ಉತ್ತರ ಕೊಟ್ಟರು. ಊರೂರಲ್ಲಿ ನಾವೂ ಆ ಎರಡು ಅಂಕಿ ಹಿಡಿದುಕೊಂಡು ಎರಡು ಬಣವಾದೆವು.

ಆ ನಿಗಮದ ಹಣ ಯಾತಕ್ಕೆ ಇರುವುದು? ಪರಿಶಿಷ್ಟ ಪಂಗಡದ ಸಣ್ಣ ರೈತನ ಒಣ ಜಮೀನಿನಲ್ಲಿ ಗಂಗಾ ಕಲ್ಯಾಣ ಯೋಜನೆಯಡಿ ಬೋರ್‌ವೆಲ್ ಕೊರೆಸಿ, ಮೋಟಾರ್ ಇಳಿಸಿ, ಕರೆಂಟ್ ಕೊಡಿಸುವುದಕ್ಕೆ. ಹುಡುಗನೊಬ್ಬ ಸ್ವಂತ ಉದ್ಯೋಗ ಹೂಡಲು ಸಾಲ, ಸಹಾಯಧನ ಕೊಡುವುದಕ್ಕೆ. ನಮ್ಮ ತಾಲ್ಲೂಕಿಗೆ ಆ ವರ್ಷ ಎಷ್ಟು ಬೋರ್‌ವೆಲ್ ಮಂಜೂರಾಗಿದ್ದವು, ಎಷ್ಟು ಕೊರೆದರು, ಕೊರೆದದ್ದರಲ್ಲಿ ಎಷ್ಟಕ್ಕೆ ಇನ್ನೂ ಕರೆಂಟ್ ಬಂದಿಲ್ಲ? ಎರಡು ಬಣಗಳಲ್ಲಿ ಯಾರಾದರೂ ಇದನ್ನು ಕೇಳಿದಿರಾ? ಕೇಸಿಂಗ್ ಪೈಪಿನ ಬಾಯಿಗೆ ಚೀಲ ಕಟ್ಟಿ, ಕಂಬ ಯಾವಾಗ ನೆಡುತ್ತಾರೆ ಎಂದು ಕಾಯುವ ರೈತನಿಗೆ 187 ಆದರೇನು, 89 ಆದರೇನು? ಅವನ ಹೊಲದ ಲೆಕ್ಕ ಕೇಳದವರು ನಿಗಮದ ಲೆಕ್ಕಕ್ಕೆ ಕಾದಾಡುವುದು ನಾಚಿಕೆಗೇಡು.

ಇನ್ನೊಂದು ಚಟ, ಪಕ್ಷದ ಮೇಲಿನ ಮಮತೆಯಿಂದ ಕಣ್ಣು ಮುಚ್ಚಿಕೊಳ್ಳುವುದು. ಇದಕ್ಕೆ ನಾವು ತೆತ್ತ ಬೆಲೆ ಸಣ್ಣದಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಬಳ್ಳಾರಿ ಗಣಿಗಾರಿಕೆ ಕುರಿತ ವರದಿ ಸಲ್ಲಿಸಿದ ನಾಲ್ಕೇ ದಿನಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ಅಧಿಕಾರ ಬಿಡಬೇಕಾಯಿತು. ಲೋಕಾಯುಕ್ತಕ್ಕೆ ಎಂಥ ಹಲ್ಲಿದೆ ಎಂದು ಆಗ ಎಲ್ಲ ಪಕ್ಷಗಳಿಗೂ ಗೊತ್ತಾಯಿತು. 2016ರಲ್ಲಿ ಕಾಂಗ್ರೆಸ್ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿ, ಕಟ್ಟಿ ಲೋಕಾಯುಕ್ತ ಪೊಲೀಸರ ತನಿಖಾ ಅಧಿಕಾರ ಕಿತ್ತುಕೊಂಡಿತು. ಎಸಿಬಿ ಇದ್ದದ್ದು ಸರ್ಕಾರದ ಕೈಕೆಳಗೆ. ಮುಂದೆ ಕಾಂಗ್ರೆಸ್‌–ಜೆಡಿಎಸ್‌ ಮೈತ್ರಿ ಬಂತು, ಎಸಿಬಿ ಹಾಗೇ ಇತ್ತು. ಬಿಜೆಪಿ ಬಂತು, ಆಗಲೂ ಹಾಗೇ ಇತ್ತು. ಮೂರು ಪಕ್ಷಗಳಿಗೂ ಆರು ವರ್ಷಕ್ಕೂ ಮೀರಿ ಅದು ಒಗ್ಗಿಹೋಗಿತ್ತು. ಕೊನೆಗೆ 2022ರ ಆಗಸ್ಟ್‌ನಲ್ಲಿ ಅದನ್ನು ರದ್ದು ಮಾಡಿದ್ದು ಹೈಕೋರ್ಟ್, ಅದೂ ವಕೀಲರ ಸಂಘ ಮತ್ತು ನಾಗರಿಕ ಸಂಘಟನೆ ಅರ್ಜಿ ಹಾಕಿದ್ದರಿಂದ. ನಮ್ಮವರು ಕಡಿಮೆ ತಿಂದರು, ನಿಮ್ಮವರು ಹೆಚ್ಚು ತಿಂದರು ಎಂದು ನಾವು ಕಿತ್ತಾಡುತ್ತಿದ್ದಾಗ ಕಾವಲುಗಾರನ ಕೈ ಕಟ್ಟುವ ವಿಷಯದಲ್ಲಿ ಅವರೆಲ್ಲ ಒಂದಾಗಿದ್ದರು.

ಇನ್ನು ‘ಎಲ್ಲರೂ ಅಷ್ಟೇ ಬಿಡ್ರೀ’ ಎನ್ನುವವರು. ಈ ಮಾತನ್ನು ಅನುಭವಸ್ಥರ ಮಾತು ಎಂದು ತಿಳಿಯಬೇಡಿ, ಅದು ಸೋಮಾರಿತನ. ಎಲ್ಲರೂ ಅಷ್ಟೇ ಎಂದವನೇ ಪಹಣಿ ತಿದ್ದುಪಡಿಗೆ, ಪೋಡಿಗೆ, ಖಾತೆ ಬದಲಾವಣೆಗೆ ಮಧ್ಯವರ್ತಿಯನ್ನು ಹಿಡಿದು, ಕೈ ಬೆಚ್ಚಗೆ ಮಾಡಿ, ಸಂಜೆಗೆ ಕೆಲಸ ಆಯ್ತು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಅವನ ಅರ್ಜಿ ಮೇಲೆ ಬಂದಾಗ ಕೆಳಕ್ಕೆ ಸರಿದದ್ದು ಲಂಚ ಕೊಡಲಾಗದ ಇನ್ನೊಬ್ಬನ ಅರ್ಜಿ. ಕಾನೂನಿನಲ್ಲಿ ಅವನಿಗೆ ರಿಯಾಯಿತಿ ಇಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ಕೊಡುವ ಮೊದಲೇ ದೂರಿದರೆ ಲೋಕಾಯುಕ್ತ ಪೊಲೀಸರು ನೋಟಿಗೆ ಫಿನಾಫ್ತಲಿನ್ ಪುಡಿ ಸವರಿ ಕೊಡುತ್ತಾರೆ. ಲಂಚ ಮುಟ್ಟಿದ ಬೆರಳನ್ನು ಸೋಡಾ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಆ ನೋಟು ಹಿಡಿದು ಮೇಜಿನ ಮುಂದೆ ನಿಲ್ಲಲು ಒಬ್ಬ ದೂರುದಾರ ಬೇಕು. ಅವನು ನಮ್ಮೊಳಗಿಂದಲೇ ಬರಬೇಕು.

ಸಾಧನ ಇಲ್ಲ ಎಂಬ ನೆಪ ಬೇಡ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಹತ್ತು ರೂಪಾಯಿ ಕಟ್ಟಿ ಅಂದಾಜುಪಟ್ಟಿ, ಅಳತೆ ಪುಸ್ತಕ, ಬಿಲ್ಲಿನ ಪ್ರತಿ ಕೇಳಬಹುದು; ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲೇ ಇದೆ. ನಿಮ್ಮ ಬೀದಿಗೆ ಹಾಕಿದ ಡಾಂಬರು ಒಂದೇ ಮಳೆಗೆ ಕಿತ್ತು ಬಂದರೆ ಅದರ ಮಾದರಿ ಕೇಳಬಹುದು. 2012ರಿಂದ ಜಾರಿಯಲ್ಲಿರುವ ‘ಸಕಾಲ’ ಸೇವಾ ಕಾಯ್ದೆಯಡಿ ಅರ್ಜಿ ವಿಲೇವಾರಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವಿದೆ. ಗ್ರಾಮಸಭೆ ಇದೆ, ಅಲ್ಲಿ ಸಹಿ ಹಾಕಿ ಎದ್ದು ಬರುವವರು ನಾವೇ.

ಯಾವ ಸರ್ಕಾರ ಎಷ್ಟು ಭ್ರಷ್ಟ ಎಂಬ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಕಡತದಲ್ಲಿದೆ, ಅಳತೆ ಪುಸ್ತಕದಲ್ಲಿದೆ, ಟಿ.ವಿ. ಚರ್ಚೆಯಲ್ಲಿ ಇಲ್ಲ. ಇನ್ನು ಮುಂದೆ ಯಾರಾದರೂ ಶೇ 40, ಶೇ 60 ಎಂದು ವಾದಕ್ಕೆ ಬಂದರೆ, ಯಾವ ಕಾಮಗಾರಿ, ಯಾವ ಬಿಲ್ಲು, ಅರ್ಜಿ ಹಾಕಿದ್ದೀರಾ ಎಂದು ಕೇಳಿ. ಅದಕ್ಕೂ ಮೊದಲು ನಿಮ್ಮ ಅರ್ಜಿ ಹಾಕಿ. ಅಷ್ಟೂ ಮಾಡದವರಿಗೆ ಭ್ರಷ್ಟಾಚಾರದ ಬಗ್ಗೆ ಕೂಗಾಡುವ ನೈತಿಕ ಹಕ್ಕಿಲ್ಲ.