ಮಕ್ಕಳ ತುಟಿಗೆ ಮದ್ಯ

ವಾಚಕ ಮಹಾಶಯರಲ್ಲಿ ಒಂದು ಕಹಿಯಾದ ಮಾತನ್ನು ಅರಿಕೆಮಾಡಿಕೊಳ್ಳಬೇಕಾಗಿ ಬಂದಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ನನಗೆ ಪರರ ಮನೆಯ ಒಳವ್ಯವಹಾರದಲ್ಲಿ ತಲೆಹಾಕುವ ಅಭ್ಯಾಸವಿಲ್ಲ. ಪ್ರೌಢರಾದವರು ಕುಡಿಯಬೇಕೋ ಕೂಡದೋ ಎಂಬ ಹಳೆಯ ಚರ್ಚೆಯನ್ನೂ ಇಲ್ಲಿ ನಾನು ಎತ್ತತಕ್ಕವನಲ್ಲ. ಆದರೆ ಹಾಲುಹಲ್ಲು ಬೀಳದ ಮಕ್ಕಳ ತುಟಿಗೆ ಹೆತ್ತವರೇ ಮದ್ಯವನ್ನು ಸೋಕಿಸುವ ಒಂದು ನಡತೆಯು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ವಿದ್ಯಾವಂತರ ಮನೆಗಳಲ್ಲಿಯೇ ಕಾಣಬರುತ್ತಿರುವುದರಿಂದ, ಸುಮ್ಮನಿರುವುದು ಅಧರ್ಮವೆಂದು ತೋರಿ ಲೇಖನಿಯನ್ನು ಹಿಡಿದಿದ್ದೇನೆ.

ಕಳೆದ ವೈಶಾಖದಲ್ಲಿ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗೃಹಪ್ರವೇಶಕ್ಕೆ ಹೋಗಿದ್ದೆನು. ಮನೆಯ ಯಜಮಾನನು ನನ್ನ ಹಳೆಯ ವಿದ್ಯಾರ್ಥಿ. ಅಡಿಕೆ ತೋಟವುಳ್ಳವನು, ಪದವೀಧರನು. ಬೆಳಿಗ್ಗೆ ವಾಸ್ತುಹೋಮ ಸಾಂಗವಾಗಿ ನಡೆಯಿತು. ಸಂಜೆ ಪುರೋಹಿತರು ಹೊರಟುಹೋದ ಮೇಲೆ ಹಿಂದಿನ ಜಗಲಿಯಲ್ಲಿ ಗೆಳೆಯರ ಗೋಷ್ಠಿ ಸೇರಿ ಸೀಸೆಗಳು ಬಂದವು. ಆತನ ಮೂರು ವರ್ಷದ ಮಗಳು ಆಡುತ್ತ ಬಂದು ತಂದೆಯ ಮೊಣಕಾಲಿಗೆ ಒರಗಿ ನಿಂತಿತು. ಆತನು ತನ್ನ ಲೋಟದಲ್ಲಿ ಬೆರಳನ್ನು ಅದ್ದಿ ಮಗುವಿನ ನಾಲಗೆಗೆ ಇಟ್ಟನು. ಮಗು ಮುಖವನ್ನು ಸೊಟ್ಟಗೆ ಮಾಡಿಕೊಂಡಿತು. ಎಲ್ಲರೂ ನಕ್ಕರು, ಒಬ್ಬರು ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ನನ್ನ ಮುಖವನ್ನು ನೋಡಿ ಯಜಮಾನನು, "ಒಂದು ಹನಿಯಿಂದ ಏನಾಗುತ್ತೆ ಮೇಷ್ಟ್ರೇ? ಈಗಲೇ ಕಹಿ ಗೊತ್ತಾದರೆ ಮುಂದೆ ಅದರ ತಂಟೆಗೆ ಹೋಗೋದಿಲ್ಲ" ಎಂದನು. ಅರ್ಧ ಗಳಿಗೆಯ ಮೇಲೆ ಮಗು ಮತ್ತೆ ಬಂದಿತು. ಈ ಸಲ ತಾನಾಗಿಯೇ ಬಾಯಿ ತೆರೆದು, "ಅಪ್ಪಾ, ನಂಗೆ ಇನ್ನೊಂದ್ಸಲ" ಎಂದು ಕೇಳಿತು. ಆಗಲೂ ಎಲ್ಲರೂ ನಕ್ಕರು. ನಾನು ಏನನ್ನೂ ಆಡದೆ ಎದ್ದು ಬಂದೆನು. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಈ ಲೇಖನ.

ಆತನ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಈ ನಡತೆಯನ್ನು ಸಮರ್ಥಿಸುವವರ ಪೂರ್ವಪಕ್ಷಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ಔಷಧದ ನೆಪ. ನಮ್ಮದು ಮಳೆಯ ಸೀಮೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವುದು. ಹುಲಿಕಲ್ಲಿನ ಕಡೆಯದೂ ಅದೇ ಕಥೆ. ಆಷಾಢದಲ್ಲಿ ಮಗುವಿಗೆ ಶೀತವಾದರೆ, "ಒಂದು ಚಮಚ ಬ್ರಾಂದಿ ಕೊಡಿ, ಮೈ ಬೆಚ್ಚಗಾಗುತ್ತದೆ" ಎಂದು ಹೇಳುವ ಹಿತೈಷಿಗಳು ಊರೂರಿಗೂ ಉಂಟು. ಇದನ್ನು ನಾನು ಪರರ ದೋಷವಾಗಿ ಹೇಳುತ್ತಿಲ್ಲ. ನಾನೇ ಮಾಡಿದ ಅಪರಾಧವಿದು. ಸುಮಾರು ನಲವತ್ತು ವರ್ಷಗಳ ಹಿಂದೆ ನನ್ನ ಮಗನಿಗೆ ಒಂದೂವರೆ ವರ್ಷವಾಗಿದ್ದಾಗ, ಒಂದು ಮಳೆಗಾಲದ ರಾತ್ರಿ ಅವನಿಗೆ ಕೆಮ್ಮು ಹೆಚ್ಚಾಯಿತು. ಸಂಜೆಯಿಂದ ಏನನ್ನೂ ತಿಂದಿರಲಿಲ್ಲ. ನೆರೆಮನೆಯ ಹಿರಿಯರೊಬ್ಬರ ಮಾತಿನಂತೆ ಬಿಸಿನೀರಿನಲ್ಲಿ ಎರಡು ಚಮಚ ಬ್ರಾಂದಿಯನ್ನು ಬೆರಸಿ ಕುಡಿಸಿದೆನು. ನಡುರಾತ್ರಿಯಲ್ಲಿ ಮತ್ತೆ ಎರಡು ಚಮಚ. ಮಗು ನಿದ್ದೆಹೋಯಿತು. ಔಷಧ ಹಿಡಿಯಿತೆಂದು ನಾನೂ ಮಲಗಿದೆನು. ಬೆಳಗಿನ ಜಾವದಲ್ಲಿ ಅವನ ತಾಯಿ ಮುಟ್ಟಿ ನೋಡಿದಾಗ ಮೈ ತಣ್ಣಗಿತ್ತು. ಎಷ್ಟು ಕರೆದರೂ ಕಣ್ಣು ತೆರೆಯಲಿಲ್ಲ. ಮಳೆಯಲ್ಲಿ ಜೀಪು ಹುಡುಕಿ ಪೇಟೆಯ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ನಾನು ಪಟ್ಟ ಪಾಡನ್ನು ಬರೆಯಲಾರೆ. ವೈದ್ಯರು ರಕ್ತನಾಳಕ್ಕೆ ಗ್ಲೂಕೋಸನ್ನು ಏರಿಸಿದ ಮೇಲೆ ಅವನು ಅತ್ತನು. ಅಳುವಿನಷ್ಟು ಮಧುರವಾದ ಶಬ್ದವನ್ನು ನಾನು ಆಮೇಲೆ ಕೇಳಿಲ್ಲ.

ಆ ದಿನ ವೈದ್ಯರು ತಿಳಿಸಿದುದನ್ನು ಇಲ್ಲಿ ಹೇಳುವುದು ಕರ್ತವ್ಯ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುವುದು; ವಾಸ್ತವದಲ್ಲಿ ಒಳಗಿನ ಶಾಖವು ಅದೇ ದಾರಿಯಿಂದ ಹೊರಗೆ ಹೋಗಿ ದೇಹವು ತಣ್ಣಗಾಗುವುದು. ಎರಡನೆಯದಾಗಿ, ಊಟವಿಲ್ಲದ ವೇಳೆಯಲ್ಲಿ ರಕ್ತಕ್ಕೆ ಬೇಕಾದ ಸಕ್ಕರೆಯನ್ನು ಯಕೃತ್ತು ತಯಾರಿಸುವುದಷ್ಟೆ. ಆ ಕೆಲಸಕ್ಕೆ ಮದ್ಯವು ಅಡ್ಡಿಮಾಡುವುದು. ದೊಡ್ಡವರ ಯಕೃತ್ತಿನಲ್ಲಿ ಸಂಗ್ರಹವು ಸಾಕಷ್ಟಿರುವುದು. ಶಿಶುವಿನದು ಸ್ವಲ್ಪ ಹೊತ್ತಿಗೇ ಬರಿದಾಗುವುದು. ಆಗ ಬರುವ ಜೋಂಪು ನಿದ್ದೆಯಲ್ಲ, ಮೂರ್ಛೆ. ಲೆಕ್ಕವನ್ನೂ ನೋಡಿರಿ: ಎರಡು ಚಮಚವೆಂದರೆ 10 ಮಿಲಿಲೀಟರು. ಹತ್ತು ಕಿಲೋ ತೂಕದ ಮಗುವಿಗೆ ಅದನ್ನು ಕೊಡುವುದು, ಅರವತ್ತು ಕಿಲೋ ತೂಗುವ ಗಂಡಸಿಗೆ 60 ಮಿಲಿಲೀಟರು, ಅಂದರೆ ತುಂಬಿದ ಒಂದು ಪೆಗ್ಗನ್ನು, ಕೊಟ್ಟಂತೆ. ನಾನು ಒಂದೇ ರಾತ್ರಿಯಲ್ಲಿ ಎರಡು ಪೆಗ್ಗುಗಳನ್ನು ನನ್ನ ಹಸುಳೆಗೆ ಹೊಯ್ದಿದ್ದೆನು. ಗಣಿತವನ್ನು ಕಲಿಸುವ ಉಪಾಧ್ಯಾಯನಿಗೆ ಆ ತ್ರೈರಾಶಿ ಹೊಳೆದಿರಲಿಲ್ಲ.

ಎರಡನೆಯ ಪೂರ್ವಪಕ್ಷವು ನನ್ನಂತೆ ಪಾಠಶಾಲೆಯಲ್ಲಿ ಓದಿದವರದು. "ಆಯುರ್ವೇದದಲ್ಲಿ ಆಸವ, ಅರಿಷ್ಟಗಳುಂಟು, ಭೈಷಜ್ಯರತ್ನಾವಳಿಯು ಮಕ್ಕಳಿಗಾಗಿಯೇ ಅರವಿಂದಾಸವವನ್ನು ಹೇಳಿದೆ, ಅದರಲ್ಲಿ ಮದ್ಯಸಾರವಿಲ್ಲವೆ?" ಎಂದು ಕೇಳುವರು. ಉಂಟು, ಹುದುಗುವಾಗ ತಾನಾಗಿಯೇ ಹುಟ್ಟುವುದು. ಅದನ್ನು ಮುಚ್ಚಿಡುವುದು ಪಂಡಿತಲಕ್ಷಣವಲ್ಲ. ಆದರೆ ಔಷಧಿಯನ್ನು ರೋಗ, ವಯಸ್ಸು, ಬಲ, ಅಗ್ನಿ ಇವುಗಳನ್ನು ಪರೀಕ್ಷಿಸಿ ವೈದ್ಯನು ಅಳತೆಯಿಂದ ಕೊಡಿಸುವನು. ಅದರ ಹೊಣೆ ಅವನದು. ಮದ್ಯದಿಂದಾಗುವ ವ್ಯಾಧಿಗಳಿಗೆಂದೇ ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 24ನೆಯ ಅಧ್ಯಾಯವು ಮೀಸಲಾಗಿರುವುದನ್ನು ಈ ವಾದಿಗಳು ಮರೆಯುವರು. ವೈದ್ಯನ ಅಳತೆಯ ಆಸವವನ್ನು ತೋರಿಸಿ ಜಗಲಿಯ ಲೋಟವನ್ನು ಸಮರ್ಥಿಸುವುದು, ಶಸ್ತ್ರವೈದ್ಯನ ಕತ್ತಿಯನ್ನು ತೋರಿಸಿ ಮಗುವಿನ ಕೈಗೆ ಕುಡುಗೋಲನ್ನು ಕೊಟ್ಟಂತೆ. ಆಸವವನ್ನು ಸಹ ವೈದ್ಯರನ್ನು ಕೇಳದೆ ಮನೆಯಲ್ಲಿ ಹೊಯ್ದು ಕುಡಿಸಬಾರದೆಂದೇ ನನ್ನ ಮತ.

ಮೂರನೆಯದು ರೂಢಿಯ ವಾದ. "ಬಗನಿ ಮರದ ಕಳ್ಳನ್ನು ನಮ್ಮ ಹಿರಿಯರು ಕುಡಿಯಲಿಲ್ಲವೆ? ಬೆಳಗಿನ ಸಿಹಿಗಳ್ಳನ್ನು ಮಕ್ಕಳೂ ನೆಕ್ಕಲಿಲ್ಲವೆ?" ಎನ್ನುವರು. ಕುಡಿದರು, ನೆಕ್ಕಿದರು. ಕುವೆಂಪು ಅವರು 1936ರಲ್ಲಿ ಪ್ರಕಟಿಸಿದ 'ಕಾನೂರು ಹೆಗ್ಗಡಿತಿ'ಯನ್ನು ಓದಿದವರಿಗೆ, ಕಳ್ಳಂಗಡಿಯು ಮಲೆನಾಡಿನ ಬಾಳಿನಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ರೂಢಿಯ ಫಲವನ್ನು ಉಂಡವರೇ ಅದರಿಂದ ಬಿಡಿಸಿಕೊಳ್ಳಲು ಹೋರಾಡಿದರು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿಯ ಮಾರಾಟ ನಿಂತಿತು. ಅದಕ್ಕಾಗಿ ಹಂಬಲಿಸಿದವರು ಕೂಲಿಯಿಂದ ಸಂಸಾರ ಸಾಗಿಸುವ ತಾಯಂದಿರು. ಓದುಬರಹ ಬಾರದ ತಾಯಿ ತನ್ನ ಮಗನನ್ನು ಯಾವುದರಿಂದ ದೂರವಿಡಲು ಬೀದಿಗಿಳಿದಳೋ, ಅದನ್ನೇ ಓದಿದ ತಂದೆ ನಗುತ್ತ ಬೆರಳಿನಲ್ಲಿ ಕೊಡುವುದಾದರೆ, ವಿದ್ಯೆ ಯಾರಲ್ಲಿದೆಯೆಂದು ಹೇಳೋಣ? ಬಡವನು ಕುಡಿದರೆ ದುಶ್ಚಟ, ನಾವು ಕುಡಿದರೆ ಸಂಸ್ಕೃತಿ ಎಂಬ ಭೇದವನ್ನು ಯಾವ ಶಾಸ್ತ್ರವೂ ಹೇಳಿಲ್ಲ.

ನಾಲ್ಕನೆಯದು ಪಾಶ್ಚಾತ್ಯರ ಉದಾಹರಣೆ. ಯುರೋಪಿನಲ್ಲಿ ಮಕ್ಕಳು ಊಟದ ಮೇಜಿನಲ್ಲಿಯೇ ದ್ರಾಕ್ಷಾಮದ್ಯವನ್ನು ಸವಿದು ಮಿತವನ್ನು ಕಲಿಯುವರಂತೆ. ಆ ಯುರೋಪು ಏನು ಮಾಡಿತೆಂಬುದನ್ನು ಪೂರ್ತಿಯಾಗಿ ಕೇಳಿರಿ. ಫ್ರಾನ್ಸಿನ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಂದಿಗೆ ಮಕ್ಕಳಿಗೆ ಮದ್ಯವನ್ನು ಕೊಡುತ್ತಿದ್ದುದು ನಿಜ. ಅದೇ ಫ್ರಾನ್ಸಿನ ಸರ್ಕಾರವು 1956ರಲ್ಲಿ 14 ವರ್ಷದೊಳಗಿನವರಿಗೆ ಶಾಲೆಯಲ್ಲಿ ಅದನ್ನು ನಿಷೇಧಿಸಿತು. 1981ರಲ್ಲಿ ದೊಡ್ಡ ವಿದ್ಯಾರ್ಥಿಗಳಿಗೂ ನಿಲ್ಲಿಸಿತು. ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿಗಳು 2009ರಲ್ಲಿ, 15 ವರ್ಷದವರೆಗಿನ ಬಾಲ್ಯವು ಮದ್ಯರಹಿತವಾಗಿರುವುದೇ ಶ್ರೇಯಸ್ಕರವೆಂದು ತಂದೆತಾಯಿಗಳಿಗೆ ಸಲಹೆಯಿತ್ತರು. ಅವರು ಬಿಟ್ಟುದನ್ನು ನಾವು ಎತ್ತಿಕೊಂಡು ನಾಗರಿಕತೆಯೆನ್ನುತ್ತಿದ್ದೇವೆ.

ಮನೆಯಲ್ಲಿ ರುಚಿ ನೋಡಿದ ಮಗು ಮುಂದೆ ಮಿತವಾಗಿರುವುದೆಂಬ ಮಾತನ್ನೂ ಪರೀಕ್ಷಿಸಿದವರುಂಟು. ಅಮೆರಿಕದ ರೋಡ್ ಐಲೆಂಡಿನಲ್ಲಿ ಶಾಲಾಮಕ್ಕಳನ್ನು ಕೆಲವು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರನೆಯ ತರಗತಿಗೆ ಮುಂಚೆ ಗುಟುಕು ಸವಿದಿದ್ದವರು ಒಂಬತ್ತನೆಯ ತರಗತಿಯ ವೇಳೆಗೆ ಪೂರ್ತಿ ಲೋಟ ಕುಡಿಯುವ ಸಂಭವವು ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು. ಇದು ಕಾಕತಾಳೀಯವಾಗಿರಬಾರದೇಕೆಂದು ತಾರ್ಕಿಕರು ಕೇಳಬಹುದು. ಕೇಳಲಿ, ಗುಟುಕೊಂದೇ ಕಾರಣವೆಂದು ನಾನೂ ಹಟ ಹಿಡಿಯುವುದಿಲ್ಲ. ಆದರೆ ಸವಿದ ಮಗು ಜಿತೇಂದ್ರಿಯನಾಗುವುದೆಂಬ ಎದುರುಪಕ್ಷದ ಪ್ರತಿಜ್ಞೆಗೆ ಇದರಲ್ಲಿ ಯಾವ ಆಧಾರವೂ ದೊರೆಯುವುದಿಲ್ಲ.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ: ಒಂದು ಹನಿಯಿಂದ ಏನಾಗುವುದು? ಆ ಒಂದು ಹನಿಯಿಂದ ದೇಹಕ್ಕೆ ಏನೂ ಆಗದೆ ಇರಬಹುದು. ಆದರೆ ಮಗುವಿಗೆ ಅದು ಕಹಿಯೆಂದು ತೋರಿದರೂ ಅದನ್ನು ಕೊಟ್ಟ ಬೆರಳು ಅಪ್ಪನದು. ನಕ್ಕವರು ತನ್ನನ್ನು ಮುದ್ದಿಸುವ ಜನ. ಲೋಕದಲ್ಲಿ ಯಾವುದು ತಿನ್ನತಕ್ಕದ್ದು, ಯಾವುದು ಮುಟ್ಟಬಾರದ್ದು ಎಂಬುದನ್ನು ಮಗು ಆ ಬೆರಳಿನಿಂದಲೇ ಕಲಿತಿರುವುದು. ಅನ್ನಪ್ರಾಶನದಲ್ಲಿ ಮೊದಲ ತುತ್ತನ್ನಿಟ್ಟ ಬೆರಳೂ ಅದೇ. ಕಹಿಯು ಗಳಿಗೆಯೊಳಗೆ ಮರೆಯಾಯಿತು, ಅನುಮತಿ ಉಳಿಯಿತು. ಆದುದರಿಂದಲೇ ಮಗು ಮತ್ತೆ ಬಂದು ಬಾಯಿ ತೆರೆಯಿತು. ಹದಿನೆಂಟರ ವಯಸ್ಸಿನಲ್ಲಿ ಅದೇ ಮಗು ಕೇಳಿದರೆ, "ಬೇಡ" ಎನ್ನಲು ಆ ತಂದೆಗೆ ಯಾವ ನಾಲಗೆ ಉಳಿದಿರುವುದು?

ಮಹಾಭಾರತದ ಆದಿಪರ್ವದ ಕಚನ ಕಥೆಯನ್ನು ಬಲ್ಲವರು ಸ್ಮರಿಸಿಕೊಳ್ಳಲಿ. ದೈತ್ಯರು ಕಚನನ್ನು ಸುಟ್ಟು ಬೂದಿಯನ್ನು ಸುರೆಯಲ್ಲಿ ಕಲಸಿ ಶುಕ್ರಾಚಾರ್ಯರಿಗೆ ಕೊಟ್ಟರು. ಮಗನಂತೆ ಪ್ರೀತಿಸಿದ ಶಿಷ್ಯನನ್ನು ಅವರು ತಿಳಿಯದೆ ನುಂಗಿದರು. ಸಂಜೀವಿನಿಯನ್ನು ಬಲ್ಲ ಮಹಾತ್ಮರಾದುದರಿಂದ ಕಚನು ಬದುಕಿದನು. ಎಚ್ಚತ್ತ ಅವರು ಕೂಡಲೆ ಸುರಾಪಾನವನ್ನು ಶಪಿಸಿ ಮರ್ಯಾದೆಯನ್ನು ಸ್ಥಾಪಿಸಿದರು. ಲೋಟದಲ್ಲಿ ಬಾಲಕನಿರುವುದು ಅಷ್ಟು ದೊಡ್ಡ ಗುರುವಿಗೇ ಕಾಣಲಿಲ್ಲ. ಸಂಜೀವಿನಿಯನ್ನರಿಯದ ನಾವಾದರೋ ಮೊದಲೇ ಎಚ್ಚರವಾಗಿರಬೇಕು.

ಶಾಸ್ತ್ರಕ್ಕೆ ಬಗ್ಗದವರಿಗೆ ಶಾಸನವುಂಟು. 2000ದ ಬಾಲನ್ಯಾಯ ಕಾಯಿದೆಯು ಸಾರ್ವಜನಿಕ ಸ್ಥಳದಲ್ಲಿ ಮಕ್ಕಳಿಗೆ ಮದ್ಯ ಕೊಡುವುದನ್ನು ಮಾತ್ರ ಅಪರಾಧವೆಂದಿತ್ತು. 2015ರ ಹೊಸ ಕಾಯಿದೆಯ 77ನೆಯ ಕಲಮಿನಲ್ಲಿ ಆ ನಿರ್ಬಂಧವಿಲ್ಲ: ಅರ್ಹ ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯವನ್ನು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ನಮ್ಮ ಹಿಂದಿನ ಜಗಲಿಯೂ ಈಗ ಕಾಯಿದೆಯ ಒಳಗೇ ಇದೆ. ಆದರೂ ಯಾವ ತಂದೆಯೂ ಸೆರೆಮನೆಗೆ ಹೋಗಲೆಂಬುದು ನನ್ನ ಆಶಯವಲ್ಲ. ಪೋಲೀಸರು ಹೇಳುವ ಮುಂಚೆ ಮನೆಯ ಅಜ್ಜಿ ಹೇಳಲಿ.

ಆದುದರಿಂದ ವಿದ್ಯಾವಂತ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಗುವಿಗೆ ಶೀತವಾದರೆ ಬಚ್ಚಲೊಲೆಯ ಬಳಿ ಬೆಚ್ಚಗಿರಿಸಿ, ಒಣಬಟ್ಟೆ ಹೊದಿಸಿ, ಹಾಲನ್ನೋ ಗಂಜಿಯ ತಿಳಿಯನ್ನೋ ಕುಡಿಸಿರಿ. ಗುಣವಾಗದಿದ್ದರೆ ವೈದ್ಯರಲ್ಲಿಗೆ ಒಯ್ಯಿರಿ. ಕುಡಿಯುವವರು ಮಕ್ಕಳು ಮಲಗುವ ತನಕ ಸೀಸೆಯನ್ನು ಹೊರತೆಗೆಯದಿರಲಿ. ಯಾರಾದರೂ ಮಗುವಿನ ಕಡೆಗೆ ಲೋಟವನ್ನು ಚಾಚಿದರೆ, ನೋಡಿದವರು ನಗಬೇಡಿರಿ. ನನ್ನಂತೆ ಎದ್ದು ಹೋಗಲೂಬೇಡಿರಿ. ಆ ಕೈಯನ್ನು ಹಿಡಿದು ನಿಲ್ಲಿಸಿರಿ. ನನ್ನ ವಿದ್ಯಾರ್ಥಿಯು ಈ ಪತ್ರಿಕೆಯನ್ನು ತರಿಸುವನು. ಓದಿ ಕೋಪಗೊಂಡರೆ ನನ್ನ ಮನೆಗೆ ಬರಲಿ. ನಲವತ್ತು ವರ್ಷಗಳ ಹಿಂದಿನ ಆ ರಾತ್ರಿಯ ಕಥೆಯನ್ನು, ಇಲ್ಲಿ ಬರೆಯಲಾರದೆ ಬಿಟ್ಟುದನ್ನೂ ಸೇರಿಸಿ, ಅವನಿಗೆ ಹೇಳುವೆನು.