ತಿಂಗಳ ಕೊನೆಯಲ್ಲೊಂದು ‘ಗಾಡ್‌ಫಾದರ್’ ಊಟ!



‘ಗಾಡ್‌ಫಾದರ್’ ಮೂರನೇ ಭಾಗ (1990) ನೋಡಿದವರೆಲ್ಲ ಕೈ ಎತ್ತಿ! ಆಂಡಿ ಗಾರ್ಸಿಯಾ ಗನ್ ಹಿಡಿದ ಸೀನುಗಳೆಲ್ಲ ನಿಮಗೆ ಬಾಯಿಪಾಠ, ಗೊತ್ತು ಬಿಡಿ. ಆದರೆ ಅದೇ ಕೈ ಅಡುಗೆಮನೆಯಲ್ಲಿ ಹಿಟ್ಟಿನ ತುಂಡು ಉರುಳಿಸೋ ಸೀನು ನೆನಪಿದೆಯಾ? ಪಕ್ಕದಲ್ಲಿ ಸೋಫಿಯಾ ಕಪೋಲಾ. ಅವಳ ಬೆರಳ ಮೇಲೆ ಇವನ ಬೆರಳು. ಮಾತು ಕಮ್ಮಿ, ಕೆಲಸ ಜಾಸ್ತಿ. ಡ್ಯೂಯೆಟ್ ಇಲ್ಲ, ಮರ ಸುತ್ತೋದಿಲ್ಲ... ಆದರೂ ಲವ್ ಅಂದ್ರೆ ಲವ್ವು!

ಅವರು ಮಾಡ್ತಾ ಇದ್ದದ್ದು ನ್ಯೋಕಿ. ಇಟಲಿಯ ತಿಂಡಿ. ನಮ್ಮ ಕಡುಬಿನ ದೂರದ ನೆಂಟ ಅಂತಿಟ್ಟುಕೊಳ್ಳಿ, ಗಾತ್ರ ಮಾತ್ರ ಹೆಬ್ಬೆರಳಿನ ತುದಿಯಷ್ಟು. ಮೊದಲು ಬರೀ ಹಿಟ್ಟಿನಲ್ಲೋ, ರವೆಯಲ್ಲೋ, ಹಳೇ ಬ್ರೆಡ್ಡಿನಲ್ಲೋ ಮಾಡುತ್ತಿದ್ದರು. ಅಮೆರಿಕ ಖಂಡದಿಂದ ಆಲೂಗಡ್ಡೆ ಹಡಗು ಹತ್ತಿ ಬಂದ ಮೇಲೆ ಅದೇ ಹೀರೋ ಆಯಿತು. ರೋಮ್ ನಗರದಲ್ಲಿ ಗುರುವಾರ ಅಂದರೆ ನ್ಯೋಕಿ ಅನ್ನೋ ರೂಢಿಯೇ ಇದೆ. ಗೆಣಸಿನ ನ್ಯೋಕಿ ಮಾತ್ರ ಈಚಿನ ಅವತಾರ. ಇಟಲಿಯ ಮಾಂಟುವಾ ಕಡೆಯವರು ಸಿಹಿಗುಂಬಳದಲ್ಲೂ ಮಾಡುತ್ತಾರೆ.

‘ಫಾರಿನ್ ಊಟ, ನಮಗ್ಯಾಕೆ ಗುರೂ?’ ಅಂತೀರಾ? ತಾಳಿ, ಕಥೆ ಈಗ ಅರ್ಜೆಂಟೀನಾಕ್ಕೆ ಹೋಗುತ್ತೆ. ಇಟಲಿಯಿಂದ ಲಕ್ಷಾಂತರ ಜನ ಹೊಟ್ಟೆಪಾಡಿಗೆ ಅಲ್ಲಿಗೆ ಹೋದರು, ಜೊತೆಗೆ ನ್ಯೋಕಿಯೂ ಹೋಯಿತು. ಅಲ್ಲಿ ಪ್ರತಿ ತಿಂಗಳು 29ನೇ ತಾರೀಖು ನ್ಯೋಕಿ ತಿನ್ನೋ ಪದ್ಧತಿ. ಯಾಕೆ 29? ಜೇಬು ಖಾಲಿ ಸ್ವಾಮಿ! ಸಂಬಳ ಬಂದಿರೋಲ್ಲ, ಮನೆಯಲ್ಲಿ ಉಳಿದಿರೋದು ಹಿಟ್ಟು, ಆಲೂಗಡ್ಡೆ ಅಷ್ಟೇ. ತಿನ್ನುವಾಗ ತಟ್ಟೆಯ ಕೆಳಗೆ ಒಂದು ನೋಟು ಇಡುತ್ತಾರೆ, ಮುಂದಿನ ತಿಂಗಳು ಕೈಯಲ್ಲಿ ಕಾಸು ಆಡಲಿ ಅಂತ. ಇನ್ನೊಂದು ತಮಾಷೆ: ಕೆಲಸಕ್ಕೆ ಬಾರದೆ, ಸಂಬಳಕ್ಕೆ ಮಾತ್ರ ತಿಂಗಳ ಕೊನೆಗೆ ಮುಖ ತೋರಿಸೋ ಸರ್ಕಾರಿ ನೌಕರನಿಗೂ ಅಲ್ಲಿ ‘ನ್ಯೋಕಿ’ ಅಂತಲೇ ಅಡ್ಡಹೆಸರು!

ತಿಂಗಳ ಕೊನೆ ಅಂದರೆ ನಮಗೇನು ಹೊಸದೇ? ನಮ್ಮ ರೂಮಿನಲ್ಲಿ ಮೂವರು. ಒಬ್ಬನಿಗೆ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಹೋಟೆಲಿಗೆ ಕರೆದರೆ ‘ಹಸಿವಿಲ್ಲ ಕಣೋ’ ಅನ್ನುತ್ತಿದ್ದ. ಹಸಿವಿಲ್ಲದ್ದಲ್ಲ, ಬಿಲ್ಲಿನಲ್ಲಿ ತನ್ನ ಪಾಲು ಕೊಡೋಕೆ ಆಗಲ್ಲ ಅನ್ನೋ ಸಂಕೋಚ. ನಾವು ಕೊಡ್ತೀವಿ ಅಂದರೆ ಇನ್ನೂ ಕುಗ್ಗಿಹೋಗುತ್ತಿದ್ದ. ಒಂದು 29ನೇ ತಾರೀಖು ಅರ್ಧ ಕಿಲೋ ಗೆಣಸು ತಂದು ಅವನ ಮುಂದಿಟ್ಟೆ. ‘ಸುಲಿಯೋ ಕೆಲಸ ನಿಂದು, ಹೊಸೆಯೋದೂ ನಿಂದೇ’ ಅಂದೆ. ಆವತ್ತು ಅವನು ‘ಹಸಿವಿಲ್ಲ’ ಅನ್ನಲಿಲ್ಲ. ತಾನೇ ಹೊಸೆದ ಊಟಕ್ಕೆ ಯಾರ ಹಂಗು?

ಹಂಗಾದರೆ ಮಾಡೋದು ಹೇಗೆ? ಬರೆದುಕೊಳ್ಳಿ.

ಈ ಚಿತ್ರದ ಹೀರೋ ಗೆಣಸು, ವಿಲನ್ ನೀರು! ಗೆಣಸಿನಲ್ಲಿ ಮೊದಲೇ ನೀರಿನಂಶ ಜಾಸ್ತಿ. ಬಿಸಿಗೆ ಅದರ ಪಿಷ್ಟ ಬೇರೆ ಸಕ್ಕರೆಯಾಗಿ ತಿರುಗಿ ಅಂಟಂಟಾಗುತ್ತೆ. ಅದಕ್ಕೇ ನೀರಿನಲ್ಲಿ ಬೇಯಿಸಬಾರದು. ದಪ್ಪ ತಳದ ಬಾಣಲೆಯಲ್ಲಿ ಸಿಪ್ಪೆ ಸಮೇತ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಆಗಾಗ ತಿರುವುತ್ತಾ ಮೆತ್ತಗಾಗೋವರೆಗೆ ಸುಡಿ. ಮುಕ್ಕಾಲು ಗಂಟೆ ಹಿಡಿಯಬಹುದು. ಬಿಸಿ ಇರುವಾಗಲೇ ಸುಲಿದು, ಗಂಟಿಲ್ಲದಂತೆ ಮಸೆದು, ಹರಡಿ ಆರಲು ಬಿಡಿ. ಹಬೆ ಹೋದಷ್ಟೂ ಒಳ್ಳೇದು.

ಆಮೇಲೆ ಒಂದು ಮೊಟ್ಟೆ, ಉಪ್ಪು, ಸುಮಾರು 150 ಗ್ರಾಂ ಮೈದಾ. ಮೈದಾ ಒಮ್ಮೆಗೇ ಸುರಿಯಬೇಡಿ, ಹಿಡಿ ಹಿಡಿಯಾಗಿ ಹಾಕಿ. ಹಿಟ್ಟು ಸ್ವಲ್ಪ ಅಂಟುತ್ತಿದ್ದರೂ ಪರವಾಗಿಲ್ಲ. ಚಪಾತಿ ಹಿಟ್ಟಿನ ಹಾಗೆ ಗುದ್ದಿ ಗುದ್ದಿ ನಾದಿದಿರೋ, ರಬ್ಬರ್ ಚೆಂಡು ಗ್ಯಾರಂಟಿ! ಇಲ್ಲಿ ಫೈಟಿಂಗ್ ಬೇಡ, ಹಗುರ ಕೈ ಬೇಕು. ಹಲಗೆಗೆ ಮೈದಾ ಉದುರಿಸಿ, ಬೆರಳು ದಪ್ಪ ಹೊಸೆದು, ಪುಟ್ಟದಾಗಿ ಕತ್ತರಿಸಿ, ಫೋರ್ಕಿನ ಬೆನ್ನ ಮೇಲೆ ಉರುಳಿಸಿ. ಆ ಗೀರು ಬರೀ ಮೇಕಪ್ ಅಲ್ಲ, ಸಾಸು ಹಿಡಿದುಕೊಳ್ಳೋದೇ ಅಲ್ಲಿ. ಕುದಿಯೋ ಉಪ್ಪುನೀರಿಗೆ ಬಿಡಿ. ಮೊದಲು ಮುಳುಗುತ್ತವೆ, ಎರಡು ಮೂರು ನಿಮಿಷಕ್ಕೆ ತೇಲಿ ಮೇಲೆ ಬರುತ್ತವೆ. ತೇಲಿತಾ? ಬೆಂದಿತು ಅಂತ ಲೆಕ್ಕ.

ಸಾಸಿಗೆ ಎರಡು ಚಮಚ ಬೆಣ್ಣೆ ಕರಗಿಸಿ ನಾಲ್ಕು ಎಸಳು ಬೆಳ್ಳುಳ್ಳಿ ಬಾಡಿಸಿ. 200 ಎಂ.ಎಲ್. ಕ್ರೀಮು, ಒಂದು ಹಿಡಿ ತುರಿದ ಚೀಸು, ಮೆಣಸಿನ ಪುಡಿಯಲ್ಲ—ಕಾಳುಮೆಣಸು, ಚೂರು ಜಾಯಿಕಾಯಿ. ಉರಿ ಸಣ್ಣಗಿರಲಿ. ಗಟ್ಟಿಯಾದರೆ ನ್ಯೋಕಿ ಬೇಯಿಸಿದ ನೀರನ್ನೇ ಒಂದು ಸೌಟು ಹಾಕಿ. ಇಟಲಿಯವರು ಬೆಣ್ಣೆಯಲ್ಲಿ ಸೇಜ್ ಎಲೆ ಹುರಿದು ಹಾಕುತ್ತಾರೆ. ಗೆಣಸಿನ ಸಿಹಿ, ಮೆಣಸಿನ ಖಾರ, ಕ್ರೀಮಿನ ನುಣುಪು... ಮಲ್ಟಿಸ್ಟಾರರ್ ಸ್ವಾಮಿ!

‘ಗಂಡಸು ಸೌಟು ಹಿಡಿಯೋದಾ?’ ಅಂತ ಯಾರಾದರೂ ನಕ್ಕರೆ ಒಂದು ಮಾತು ಹೇಳಿ. 1972ರಲ್ಲಿ, ಸೂಪರ್‌ಸ್ಟಾರ್ ಆಗಿ ಮೆರೆಯುತ್ತಿದ್ದ ರಾಜೇಶ್ ಖನ್ನಾ ‘ಬಾವರ್ಚಿ’ಯಲ್ಲಿ ಸೌಟು ಹಿಡಿದು ಒಡೆದ ಮನೆ ಕೂಡಿಸಿದರು. ಅದೇ ಕಥೆಯನ್ನು ನಮ್ಮ ಸುದೀಪ್ 2007ರಲ್ಲಿ ‘ನಂ. 73, ಶಾಂತಿನಿವಾಸ’ ಮಾಡಿ, ತಾವೇ ಅಡುಗೆಯವನಾದರು. ಅದೇ 1972ರ ಮೊದಲ ‘ಗಾಡ್‌ಫಾದರ್’ನಲ್ಲಿ ದಢೂತಿ ಕ್ಲೆಮೆಂಜಾ ಮೈಕೇಲನಿಗೆ ಸಾಸು ಮಾಡೋದು ಹೇಳಿಕೊಡುವಾಗ, ಇಪ್ಪತ್ತು ಜನಕ್ಕೆ ಅಡುಗೆ ಮಾಡೋ ದಿನ ಬರಬಹುದು ಅನ್ನುತ್ತಾನೆ. ನಮಗೆ ಇಪ್ಪತ್ತು ಬೇಡ, ಮೂರು ಸಾಕು. ನಿಮ್ಮ ರೂಮಿನಲ್ಲೂ ‘ಹಸಿವಿಲ್ಲ’ ಅನ್ನೋನು ಒಬ್ಬ ಇರುತ್ತಾನೆ, ನೋಡಿ. ಅವನಿಗೆ ದುಡ್ಡು ಕೊಡೋಕೆ ಹೋಗಬೇಡಿ, ಗೆಣಸು ಕೊಡಿ. ತಟ್ಟೆಯ ಕೆಳಗೆ ಹತ್ತು ರೂಪಾಯಿ ಇಡೋದು ಮರೀಬೇಡಿ!

ಬರಲಾ? ಮುಂದಿನ ವಾರ ಸಿಗೋಣ.