ಪಂಪ್ ಬದಲಿಸೋ ಮೊದಲು ಮೀಟರ್ ಹಿಡಿಯೋಣ

ನಮ್ಮ ಫಾರ್ಮುಲಾ ಸ್ಟೂಡೆಂಟ್ ಕಾರು ಹೋದ ತಿಂಗಳು ಹಟಕ್ಕೆ ಬಿದ್ದಿತ್ತು. ಸ್ಟಾರ್ಟ್ ಆಗ್ತಿತ್ತು, ಐಡಲ್‌ನಲ್ಲಿ ಎಷ್ಟು ಹೊತ್ತು ಬೇಕಾದ್ರೂ ಓಡ್ತಿತ್ತು. ಥ್ರಾಟಲ್ ಪೂರ್ತಿ ತುಳಿದ ಕೂಡಲೇ ಕೆಮ್ಮಿ ಕೆಮ್ಮಿ ಆಫ್. ಟೆಸ್ಟಿಂಗ್‌ಗೆ ಗ್ರೌಂಡ್ ಸಿಕ್ಕಿದ್ದೇ ಎರಡು ದಿನ. ಅದರಲ್ಲಿ ಒಂದು ದಿನ ಹೀಗೇ ಕಳೀತು.

ನಾವು ಮಾಡಿದ್ದೇನು? ಫ್ಯೂಯೆಲ್ ಪಂಪ್ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ವಿ. 12.6 ವೋಲ್ಟ್. "ಕರೆಂಟ್ ಸರಿಯಾಗಿ ಬರ್ತಿದೆ, ಅಂದ್ರೆ ಪಂಪೇ ಹೋಗಿದೆ" ಅಂತ ತೀರ್ಪು ಕೊಟ್ವಿ. ಎಲ್ಲರೂ ದುಡ್ಡು ಹಾಕಿ ಹೊಸ ಪಂಪ್ ತಂದ್ವಿ. ಅದೇ ಕೆಮ್ಮು. ಆಮೇಲೆ ಎಲ್ಲರ ಕಣ್ಣು ವೈರಿಂಗ್ ಮಾಡಿದ್ದ ಗೆಳತಿಯ ಮೇಲೆ ಬಿತ್ತು. ಅವಳು ರಾತ್ರಿಯೆಲ್ಲ ಕೂತು ಹಾರ್ನೆಸ್ ಬಿಚ್ಚಿ ಒಂದೊಂದೇ ವೈರ್ ನೋಡಿದಳು. ತಪ್ಪು ಸಿಗಲಿಲ್ಲ.

ಕೊನೆಗೆ ಕಾಲೇಜಿನ ಹಿಂದಿನ ರಸ್ತೆಯ ಗ್ಯಾರೇಜ್ ಅಣ್ಣನನ್ನ ಕರ್ಕೊಂಡು ಬಂದ್ವಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪಂಪ್ ಓಡ್ತಿರುವಾಗ ನೋಡಿದ್ರೇನ್ರಪ್ಪಾ?"

ನೋಡಿರಲಿಲ್ಲ. ಕನೆಕ್ಟರ್ ಹಾಕಿ, ಲ್ಯಾಪ್‌ಟಾಪ್‌ನಿಂದ ಪಂಪ್ ಮಾತ್ರ ಆನ್ ಮಾಡಿ, ಹಿಂದಿನಿಂದ ತೆಳುವಾದ ಪ್ರೋಬ್ ತೂರಿಸಿ ಅಳೆದ್ವಿ. ಬ್ಯಾಟರಿ ಹತ್ತಿರ 12.3, ಪಂಪ್ ಹತ್ತಿರ ಬರೀ 9! ಪ್ಲಸ್ ಕಡೆಯ ದಾರಿಯಲ್ಲಿ 0.3 ವೋಲ್ಟ್ ಹೋಗ್ತಿತ್ತು. ಉಳಿದ 3 ವೋಲ್ಟ್ ಪೂರ್ತಿ ಗ್ರೌಂಡ್ ಕಡೆ. ಕಾರಣ, ಚಾಸಿಗೆ ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿ, ಚೆನ್ನಾಗಿ ಕಾಣ್ಲಿ ಅಂತ ಪೇಂಟ್ ಕೆರೆಯದೆ ಅದರ ಮೇಲೇ ಗ್ರೌಂಡ್ ಬೋಲ್ಟ್ ಬಿಗಿದಿದ್ದು. ಬಿಗಿದವರು ನಾವೇ, ಅವಳಲ್ಲ.

ಲೆಕ್ಕ ಹತ್ತನೇ ಕ್ಲಾಸಿನದು. ಪಂಪ್ ಎಳೆಯೋದು ಸುಮಾರು 5 ಆಂಪಿಯರ್. ಬೋಲ್ಟ್ ಹತ್ತಿರ 0.6 ಓಮ್ ಇದ್ರೂ ಸಾಕು, 3 ವೋಲ್ಟ್ ಅಲ್ಲೇ ಮಾಯ. ಆದ್ರೆ ಕನೆಕ್ಟರ್ ಬಿಚ್ಚಿದಾಗ ಆ ದಾರಿಯಲ್ಲಿ ಇರೋದು ಮೀಟರ್ ಮಾತ್ರ. ಅದರ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್. ಹರಿಯೋದು ಮೈಕ್ರೋ ಆಂಪಿಯರ್ ಲೆಕ್ಕದ ಕರೆಂಟ್, ಅದಕ್ಕೆ 0.6 ಓಮ್ ಲೆಕ್ಕಕ್ಕೇ ಇಲ್ಲ. ಹಾಗಾಗಿ ಮೀಟರ್ ಸುಳ್ಳು ಹೇಳಲಿಲ್ಲ, ನಾವು ತಪ್ಪು ಪ್ರಶ್ನೆ ಕೇಳಿದ್ವಿ. ವೋಲ್ಟೇಜ್ ಇಳಿದ್ರೆ ಪಂಪ್ ನಿಧಾನ ಆಗುತ್ತೆ. ಐಡಲ್‌ಗೆ ಬೇಕಾದ ಪೆಟ್ರೋಲ್ ಆಗಲೂ ಸಿಗುತ್ತೆ. ಪೂರ್ತಿ ಥ್ರಾಟಲ್‌ನಲ್ಲಿ ಇಂಜೆಕ್ಟರ್ ಕೇಳೋಷ್ಟು ಸಿಗಲ್ಲ, ಪ್ರೆಷರ್ ಕುಸಿದು ಎಂಜಿನ್ ಕೆಮ್ಮುತ್ತೆ.

ಹತ್ತು ರೂಪಾಯಿ ಸ್ಯಾಂಡ್‌ಪೇಪರ್‌ನಲ್ಲಿ ಪೇಂಟ್ ಕೆರೆದ್ವಿ. ಕಾರು ಓಡ್ತು.

ಓಮ್ ನಿಯಮ ನಮಗ್ಯಾರಿಗೂ ಹೊಸದಲ್ಲ. ಅದರ ಮೇಲೆ ಪರೀಕ್ಷೆ ಬರೆದು ಮಾರ್ಕ್ಸ್ ತಗೊಂಡವರೇ ಎಲ್ಲರೂ. ಹಾಗಿದ್ರೂ ಕಾರಿನ ಮುಂದೆ ಅದು ನೆನಪಾಗಲಿಲ್ಲ ಯಾಕೆ? ನಮ್ಮ ಉತ್ತರ: ಲ್ಯಾಬ್‌ನಲ್ಲಿ ನಾವು ಅಳೆಯೋದೇ ಇಲ್ಲ. ಸೀನಿಯರ್ ರೆಕಾರ್ಡ್ ಪಕ್ಕದಲ್ಲಿಟ್ಕೊಂಡು, ಬರಬೇಕಾದ ರೀಡಿಂಗ್ ಮೊದಲೇ ಗೊತ್ತಿಟ್ಕೊಂಡು, ಗ್ರಾಫ್ ನೇರ ಬರೋ ಹಾಗೆ ತುಂಬ್ತೀವಿ. ಬೇರೆ ರೀಡಿಂಗ್ ಬಂದ್ರೆ ಯಾಕೆ ಬಂತು ಅಂತ ಕೇಳಲ್ಲ, ಅಳಿಸಿ ಬೇರೆ ಬರೀತೀವಿ. ಎರಡು ವರ್ಷ ಹೀಗೆ ಅಭ್ಯಾಸ ಆದವರಿಗೆ 12.6 ಕಂಡ್ರೆ ಸಾಕು, ಮುಂದೆ ಕೇಳಬೇಕು ಅನ್ಸೋದಿಲ್ಲ.

ಅಷ್ಟು ಜನಕ್ಕೆ ಲ್ಯಾಬ್ ಮುಗಿಸೋಕೇ ಟೈಮ್ ಸಾಲಲ್ಲ ಅಂತ ಮೇಷ್ಟ್ರು ಹೇಳ್ತಾರೆ. ಆ ಕಷ್ಟ ನಿಜ. ಅದಕ್ಕೇ ನಾವು ಕೇಳ್ತಿರೋದು ಚಿಕ್ಕದು. ಸೆಮಿಸ್ಟರ್‌ಗೆ ಒಂದೇ ಒಂದು ಪ್ರಯೋಗದಲ್ಲಿ ಕೆಟ್ಟ ಸರ್ಕ್ಯೂಟ್ ಕೊಡಿ. ಒಂದು ಟರ್ಮಿನಲ್‌ಗೆ ಸ್ವಲ್ಪ ಪೇಂಟ್ ಬಳಿದ್ರೂ ಆಯ್ತು. ಎಲ್ಲಿ ಕೆಟ್ಟಿದೆ ಅಂತ ಕಂಡುಹಿಡಿದವರಿಗೂ, ಹೇಗೆ ಹುಡುಕಿದ್ವಿ ಅಂತ ಸರಿಯಾಗಿ ಬರೆದವರಿಗೂ ಮಾರ್ಕ್ಸ್ ಕೊಡಿ.

ನಮ್ಮ ಕಡೆಯಿಂದಲೂ ಒಂದು ಬದಲಾವಣೆ ಆಗಿದೆ. ಲೋಡ್ ಇರುವಾಗ ಎರಡೂ ಕಡೆ ಅಳೆದ ರೀಡಿಂಗ್ ಬರೆದಿಡದೆ ಯಾವ ಪಾರ್ಟೂ ಬದಲಿಸಲ್ಲ, ಯಾರನ್ನೂ ಬೈಯಲ್ಲ ಅಂತ ಟೂಲ್‌ಬಾಕ್ಸ್ ಮೇಲೆ ಬರೆದು ಅಂಟಿಸಿದ್ದೀವಿ. ಗೆಳತಿಗೆ ಸಾರಿ ಹೇಳಿದ್ವಿ, ಎರಡು ದಿನ ತಡವಾಗಿ. ಹಳೇ ಪಂಪ್ ಚೆನ್ನಾಗೇ ಇದೆ, ಸ್ಪೇರ್ ಅಂತ ಕಪಾಟಿನಲ್ಲಿಟ್ಟಿದ್ದೀವಿ.